ಮೂವತ್ತಾರು ವರ್ಷ ತಡವಾದ ಉತ್ತರ

ಹಾನಗಲ್ಲಿನ ನಿವೃತ್ತ ಮಾಸ್ತರರೊಬ್ಬರು 2012ರ ಮಳೆಗಾಲದ ಒಂದು ಮುಂಜಾನೆ ಕೊಡೆ, ಕೈಚೀಲಗಳೊಡನೆ ಹಿರೇಕೆರೂರಿನ ಬಸ್ಸು ಹತ್ತಿದರು. ಆ ಊರಿನಲ್ಲಿ ಅವರಿಗೆ ಮದುವೆಯಿರಲಿಲ್ಲ, ಮುಂಜಿಯಿರಲಿಲ್ಲ, ಕೋರ್ಟು ಕಚೇರಿಯ ಕೆಲಸವೂ ಇರಲಿಲ್ಲ. "ಈ ಮಳ್ಯಾಗ ಎಲ್ಲಿಗ್ರಿ?" ಎಂದು ಮನೆಯಾಕೆ ಕೇಳಿದುದಕ್ಕೆ, "ಒಂದು ಬಾಕಿ ಕೊಡೂದೈತಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದ್ದರು. ಎಪ್ಪತ್ತೆರಡು ತುಂಬಿದ ಗಂಡ, ಯಾರಿಂದಲೂ ಕೈಗಡ ತಂದವನಲ್ಲ, ಈಗ ಯಾರಿಗೆ ಬಾಕಿ ಕೊಡಲು ಹೊರಟನೆಂದು ಆಕೆ ಚಿಂತಿಸಿದುದು ಸಹಜವೇ. ಬಾಕಿಯಿದ್ದುದು ಹಣವಾಗಿರಲಿಲ್ಲ. ಒಂದು ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರ ಅದು. ಕೊಡಬೇಕಾದ ಹೊತ್ತು ಮೀರಿ ಮೂವತ್ತಾರು ವರ್ಷಗಳಾಗಿದ್ದವು.

ಮಾಸ್ತರರ ಸೇವೆಯೆಲ್ಲ ಕಳೆದುದು ನೆರೆಹೊರೆಯ ತಾಲೂಕುಗಳಲ್ಲಿಯೇ. ಹುಟ್ಟೂರು ಹಾನಗಲ್ಲು, ಮೊದಲ ನೇಮಕ ಸವಣೂರಿಗೆ, ಅಲ್ಲಿಂದ ಶಿಗ್ಗಾವಿ, ಅನಂತರ ಹಿರೇಕೆರೂರು. ಆಗ ಇವೆಲ್ಲವೂ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಕಲಿಸುತ್ತಿದ್ದುದು ಗಣಿತ ಮತ್ತು ವಿಜ್ಞಾನ. ಕೆಟ್ಟ ಮಾಸ್ತರರೆಂದು ಅವರನ್ನು ಯಾರೂ ಅಂದವರಿಲ್ಲ. ಸವಣೂರಿನ ಮಠದ ದೊಡ್ಡ ಹುಣಸೆಮರಗಳಿಗೆ ಹುಡುಗರಿಂದ ಹಗ್ಗ ಸುತ್ತಿಸಿ, ಸುತ್ತಳತೆಯಿಂದ ವ್ಯಾಸ ಕಂಡುಹಿಡಿಯುವುದನ್ನು ಕಲಿಸಿದ್ದರು. ಶಿಗ್ಗಾವಿಯಲ್ಲಿದ್ದಾಗ ಮಕ್ಕಳನ್ನು ಬಂಕಾಪುರಕ್ಕೆ ನಡೆಸಿಕೊಂಡು ಹೋಗಿ, ನಗರೇಶ್ವರ ಗುಡಿಯ ನುಣುಪು ಕಂಬಗಳನ್ನು ತೋರಿಸಿ ಬೆಳಕಿನ ಪ್ರತಿಫಲನದ ಪಾಠ ಹೇಳಿದ್ದರು. ಕೈ ಮಾತ್ರ ತುಸು ಮುಂದು. ಆ ಕಾಲದ ಮಾಸ್ತರರಲ್ಲಿ ಅದನ್ನು ದೋಷವೆಂದು ಎಣಿಸುವ ರೂಢಿಯೂ ಇರಲಿಲ್ಲ.

ಪ್ರಶ್ನೆ ಹುಟ್ಟಿದುದು 1976ರಲ್ಲಿ, ಹಿರೇಕೆರೂರಿನ ಒಂಬತ್ತನೆಯ ತರಗತಿಯಲ್ಲಿ. ಮಾಸ್ತರರು ಹಲಗೆಯ ಮೇಲೆ, ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿಲೋಮೀಟರು ಎಂದು ಬರೆದು, ಕೆಳಗೆ ಗೆರೆ ಎಳೆದು, ಇದಕ್ಕಿಂತ ಹೆಚ್ಚಿನ ವೇಗ ಜಗತ್ತಿನಲ್ಲಿ ಯಾವುದಕ್ಕೂ ಇಲ್ಲವೆಂದು ಹೇಳಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಕ್ಕಲಿಗರ ಮನೆಯ ಹುಡುಗನೊಬ್ಬ ಎದ್ದುನಿಂತ.

"ಸರ, ರಾತ್ರಿ ಬಸ್ಸು ಓಡೂ ಮುಂದ ಅದರ ದೀಪದ ಬೆಳಕಿಗೆ ಬಸ್ಸಿನ ಓಟಾನೂ ಕೂಡಬೇಕಲ್ರಿ? ಹಂಗಾದ್ರ ಆ ಬೆಳಕು ನೀವು ಬರದದ್ದಕ್ಕಿಂತ ಜೋರ ಹೋಗತೈತಲ್ರಿ?"

ಪ್ರಶ್ನೆ ಪೂರ್ತಿ ಮುಗಿಯಿತೋ ಇಲ್ಲವೋ, ಕೆನ್ನೆಯ ಮೇಲೆ ಏಟು ಬಿದ್ದಾಗಿತ್ತು. "ಪುಸ್ತಕದಾಗ ಬರದದ್ದು ಸುಳ್ಳೇನಲೇ, ಅಧಿಕಪ್ರಸಂಗಿ? ಕೂಡು ಕೆಳಗ!" ಹುಡುಗ ಕುಳಿತ. ತರಗತಿ ನಕ್ಕಿತು. ಪಾಠ ಮುಂದುವರಿಯಿತು. ಹತ್ತನೆಯ ತರಗತಿಯಾದ ಮೇಲೆ ಆ ಹುಡುಗ ಓದು ಬಿಟ್ಟನೆಂದು ಮಾಸ್ತರರ ಕಿವಿಗೆ ಬಿದ್ದಿತ್ತು. ಹೊಲ, ಮನೆ, ತಂದೆಯ ಕಾಯಿಲೆ ಎಂದು ಕಾರಣಗಳು ಬೇರೆಯೇ ಇದ್ದವು. ಆದರೂ ಆ ಏಟಿಗೂ ಆ ಬಿಟ್ಟ ಓದಿಗೂ ಸಂಬಂಧವೇ ಇಲ್ಲವೆಂದು ಅವರು ತಮಗೆ ತಾವೇ ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪಿರಲಿಲ್ಲ.

ನಿಜ ಸಂಗತಿಯೆಂದರೆ ಮಾಸ್ತರರಿಗೆ ಉತ್ತರ ಗೊತ್ತಿರಲಿಲ್ಲ. ಅಂಕಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ. ಹುಡುಗ ಕೇಳಿದುದಾದರೂ ತಲೆಕೆಟ್ಟ ಮಾತಲ್ಲ. ಹಾನಗಲ್ಲಿನಿಂದ ಶಿಗ್ಗಾವಿಗೆ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಬಸ್ಸಿನೊಳಗೆ ಕಂಡಕ್ಟರನು ಹಿಂದಿನಿಂದ ಮುಂದಕ್ಕೆ ಗಂಟೆಗೆ 5 ಕಿಲೋಮೀಟರಿನಂತೆ ನಡೆದುಬಂದರೆ, ಹೊಲದಲ್ಲಿ ನಿಂತು ನೋಡುವವನಿಗೆ ಕಂಡಕ್ಟರನ ವೇಗ 65. ನ್ಯೂಟನ್ನನ ಶಾಸ್ತ್ರವೂ ಅದನ್ನೇ ಹೇಳುತ್ತದೆ. ಕಂಡಕ್ಟರನಿಗೆ ಅನ್ವಯಿಸುವ ಕೂಡುವ ಲೆಕ್ಕ ದೀಪದ ಬೆಳಕಿಗೆ ಏಕೆ ಅನ್ವಯಿಸಬಾರದು? ಹದಿನಾರರ ವಯಸ್ಸಿನ ಐನ್‌ಸ್ಟೈನನೂ ಇದಕ್ಕೆ ಹತ್ತಿರದ ಪ್ರಶ್ನೆಯನ್ನೇ ತನಗೆ ತಾನು ಹಾಕಿಕೊಂಡಿದ್ದ: ಬೆಳಕಿನ ಹಿಂದೆ ಬೆಳಕಿನಷ್ಟೇ ವೇಗವಾಗಿ ಓಡಿದರೆ ಅದು ನಿಂತಂತೆ ಕಾಣುವುದೇ? ಅದನ್ನು ಹತ್ತು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗಿ 1905ರಲ್ಲಿ ಉತ್ತರ ಪ್ರಕಟಿಸಿದ. ಅವನ ಅದೃಷ್ಟ, ಆ ಪ್ರಶ್ನೆಯನ್ನು ಅವನು ಹಿರೇಕೆರೂರಿನ ಆ ತರಗತಿಯಲ್ಲಿ ಕೇಳಲಿಲ್ಲ.

ಮಾಸ್ತರರ ಮನಸ್ಸಿನಲ್ಲಿ ಹುದುಗಿದ್ದ ಈ ಮುಳ್ಳು ಮತ್ತೆ ಚುಚ್ಚತೊಡಗಿದುದು 2011ರ ಸೆಪ್ಟೆಂಬರಿನಲ್ಲಿ. ಬೆಳಕನ್ನು ಮೀರಿಸಿದ ಕಣ ಸಿಕ್ಕಿತೆಂದು ಎಲ್ಲ ಪತ್ರಿಕೆಗಳೂ ಬರೆದವು. ಜಿನೀವಾದ ಬಳಿಯ ಸೆರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೋ ಎಂಬ ಸೂಕ್ಷ್ಮಕಣಗಳು ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಗೆ, ಅಂದರೆ ಸುಮಾರು 730 ಕಿಲೋಮೀಟರು ದೂರಕ್ಕೆ, ಬೆಳಕಿಗಿಂತ 60 ನ್ಯಾನೋಸೆಕೆಂಡು ಮೊದಲೇ ಬಂದಂತೆ ಕಂಡಿತಂತೆ. ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಸೆಕೆಂಡು; ಅಂಥ ಅರವತ್ತು. ಅಷ್ಟರಲ್ಲಿ ಬೆಳಕು ಓಡುವುದು ಹದಿನೆಂಟು ಮೀಟರು, ಒಂದು ಅಂಗಳದ ಉದ್ದ. ಆ ಹದಿನೆಂಟು ಮೀಟರು ಮಾಸ್ತರರ ನಿದ್ದೆಗೆಡಿಸಿತು. ಹಲಗೆಯ ಮೇಲೆ ಗೆರೆ ಎಳೆದು ಬರೆದದ್ದೇ ಸುಳ್ಳಾದರೆ, ಆ ಏಟು ಯಾವ ಲೆಕ್ಕಕ್ಕೆ?

ಆ ಚಳಿಗಾಲದಲ್ಲಿ ಅವರು ಮತ್ತೆ ವಿದ್ಯಾರ್ಥಿಯಾದರು. ಬೆಂಗಳೂರಿನಲ್ಲಿದ್ದ ಮಗನು ತಂದುಕೊಟ್ಟ ಪುಸ್ತಕಗಳು, ಒಂದು ನೋಟುಬುಕ್ಕು, ಕನ್ನಡಕ. ಮೊಮ್ಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ. ಸುದ್ದಿ ಸವಣೂರಿನ ಬೀಗರ ತನಕ ಹೋಯಿತು. ಬೀಗರು ಸಂಸ್ಕೃತ ಬಲ್ಲವರು. ಮನೆಗೆ ಬಂದವರೇ, "ಇದಕ್ಯಾಕ ಇಷ್ಟು ಒದ್ದಾಟ? ನಮ್ಮ ಸಾಯಣಾಚಾರ್ಯರು ಆಗಲೇ ಬರದಿಟ್ಟಾರಲ್ಲ" ಎಂದರು. ಮಾತು ಪೂರ್ತಿ ನಿರಾಧಾರವೇನಲ್ಲ. ವಿಜಯನಗರದ ಬುಕ್ಕರಾಯನ ಕಾಲದ ಸಾಯಣರು ಋಗ್ವೇದದ ಸೂರ್ಯಸೂಕ್ತಕ್ಕೆ ಬರೆದ ಭಾಷ್ಯದಲ್ಲಿ, ಅರ್ಧ ನಿಮೇಷಕ್ಕೆ 2,202 ಯೋಜನ ಎಂಬ ವೇಗವನ್ನು ಸ್ಮರಿಸಿರುವುದು ನಿಜ. ಮಾಸ್ತರರು ಒಂದು ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೆ ಲೆಕ್ಕಕ್ಕೆ ಕುಳಿತರು. ಯೋಜನವೆಂದರೆ 8 ಕಿಲೋಮೀಟರೆನ್ನುವವರುಂಟು, ಹದಿನಾಲ್ಕೂವರೆ ಎನ್ನುವವರೂ ಉಂಟು. ಪುರಾಣಗಳ ಎಣಿಕೆಯಲ್ಲಿ ದಿನಕ್ಕೆ 4,05,000 ನಿಮೇಷ. ಮನುಸ್ಮೃತಿಯ ಎಣಿಕೆಯಲ್ಲಿ 4,86,000. ಎರಡು ಬಗೆಯ ಯೋಜನ, ಎರಡು ಬಗೆಯ ನಿಮೇಷ ಸೇರಿ ನಾಲ್ಕು ಉತ್ತರಗಳು ಬಂದವು: ಸೆಕೆಂಡಿಗೆ ಸುಮಾರು 1,65,000 ಕಿಲೋಮೀಟರು, 1,98,000, 2,99,000, ಮತ್ತು 3,59,000. ಮೂರನೆಯದು ಬೆಳಕಿನ ವೇಗಕ್ಕೆ ತೀರ ಸಮೀಪದ್ದು. ನೋಡಿ ಬೀಗರು ಮೀಸೆಯ ಮೇಲೆ ಕೈಯಾಡಿಸಿದರು. ಉಳಿದ ಮೂರನ್ನು ಏನು ಮಾಡುವುದೆಂದು ಮಾಸ್ತರರು ಕೇಳಿದಾಗ, ಊಟದ ಹೊತ್ತಾಯಿತೆಂದರು. ಸಾಯಣರು ಹೇಳಿದುದು ಸೂರ್ಯನ ಸಂಚಾರವನ್ನು ಕುರಿತು. ಮೇಲಾಗಿ, ಮಾಸ್ತರರಿಗೆ ಬೇಕಾಗಿದ್ದುದು ವೇಗ ಎಷ್ಟೆಂಬ ಅಂಕಿಯಲ್ಲ. ಅದು ಅವರಿಗೆ 1976ರಲ್ಲಿಯೇ ಗೊತ್ತಿತ್ತು. ಅದನ್ನು ಏಕೆ ಮೀರಲಾಗದೆಂಬುದು ಬೇಕಾಗಿತ್ತು.

ದಾರಿ ತೋರಿಸಿದುದು ಕೋಲಾರ. ಪತ್ರಿಕೆಗಳಲ್ಲಿ ನ್ಯೂಟ್ರಿನೋ ಎಂಬ ಹೆಸರು ಓದಿದಾಗಲೇ ಮಾಸ್ತರರಿಗೆ ಅದು ಕೇಳಿದ ಹೆಸರೆನ್ನಿಸಿತ್ತು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಪ್ರಪಂಚದಲ್ಲಿ ಮೊಟ್ಟಮೊದಲು ಗುರುತಿಸಿದವರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಮಾಡಿದ ವಿಜ್ಞಾನಿಗಳೂ ಸೇರಿದ್ದರು. ಅದು 1965ರಲ್ಲಿ, ನೆಲದಿಂದ 2.3 ಕಿಲೋಮೀಟರು ಆಳದಲ್ಲಿ ನಡೆದುದು. ಅದಕ್ಕೂ ಮೊದಲು, 1951ರಲ್ಲಿ, ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು ಉಪಕರಣಗಳೊಡನೆ ಆ ಗಣಿಗೆ ಇಳಿದಿದ್ದರು. ಅವರು ಎಣಿಸಹೊರಟಿದ್ದುದು ಮ್ಯೂಆನ್ ಎಂಬ ಬೇರೊಂದು ಕಣವನ್ನು. ಚಿನ್ನಕ್ಕಾಗಿ ತೋಡಿದ ಗಣಿ 2001ರಲ್ಲಿ ಮುಚ್ಚಿತು. ಈ ಲೆಕ್ಕ ಮಾತ್ರ ಉಳಿಯಿತು.

ಮ್ಯೂಆನಿನ ಕಥೆ ಸ್ವಾರಸ್ಯವಾದುದು. ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ಸುಮಾರು 15 ಕಿಲೋಮೀಟರು ಎತ್ತರದಲ್ಲಿ ಗಾಳಿಗೆ ಬಡಿದಾಗ ಅದರ ಜನನ. ಆಯುಷ್ಯವೋ ಅತ್ಯಲ್ಪ: ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ 2.2 ಭಾಗ, ಅದೂ ಸರಾಸರಿ. ಬೆಳಕಿನ ವೇಗದಲ್ಲಿಯೇ ಓಡಿದರೂ ಆ ಆಯುಷ್ಯದಲ್ಲಿ ಕ್ರಮಿಸಬಹುದಾದ ದೂರ 660 ಮೀಟರು. ಸವಣೂರಿನಿಂದ ಶಿಗ್ಗಾವಿಗೆ ಹೊರಟವನು ಊರ ಅಗಸೆ ದಾಟುವ ಮೊದಲೇ ಪ್ರಾಣ ಬಿಟ್ಟಂತೆ. ಈ ಲೆಕ್ಕದಂತೆ ನೂರು ಕೋಟಿಯಲ್ಲಿ ಒಂದು ಮ್ಯೂಆನೂ ನೆಲಕ್ಕೆ ಬರಬಾರದು. ಆದರೆ ಬರುತ್ತವೆ. ನೆಲದ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದರಂತೆ, ಹಗಲೂ ರಾತ್ರಿಯೂ, ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲಿನ ಕಮಲದ ಮೇಲೂ ಸವಣೂರಿನ ಎಲೆತೋಟಗಳ ಮೇಲೂ ಸುರಿಯುತ್ತಲೇ ಇರುತ್ತವೆ. ಅವುಗಳಲ್ಲಿ ಅತ್ಯಂತ ಬಲಿಷ್ಠವಾದವು ಬಂಡೆಯನ್ನು ತೂರಿ ಕೋಲಾರದ ಆಳಕ್ಕೂ ಇಳಿದಿದ್ದವು.

ಅಷ್ಟು ಅಲ್ಪಾಯುಷಿ ಇಷ್ಟು ದೂರ ಬಂದುದು ಹೇಗೆ? ಓಡುವ ಕಣದ ಗಡಿಯಾರ ನಮ್ಮ ನೆಲದ ಗಡಿಯಾರಕ್ಕಿಂತ ನಿಧಾನ ನಡೆಯುತ್ತದೆ, ಇದೇ ಉತ್ತರ. ಬೆಳಕಿನ ವೇಗದ ನೂರಕ್ಕೆ 99.8 ಪಾಲಿನಷ್ಟು ವೇಗದಲ್ಲಿ ಓಡುವ ಮ್ಯೂಆನು, ನೆಲದವರ ಎಣಿಕೆಯಲ್ಲಿ, ಹದಿನಾರು ಪಟ್ಟು ಹೆಚ್ಚು ಕಾಲ ಬದುಕುತ್ತದೆ. ಮ್ಯೂಆನನ್ನೇ ಕೇಳಿದರೆ ಅದು ಬೇರೆ ಮಾತು ಹೇಳೀತು: ತನ್ನ ಆಯುಷ್ಯದಲ್ಲಿ ಹೆಚ್ಚುಕಡಿಮೆಯಿಲ್ಲ, ಆದರೆ ತಾನು ದಾಟಬೇಕಾದ 15 ಕಿಲೋಮೀಟರು ಗಾಳಿ ಕುಗ್ಗಿ ಒಂದು ಕಿಲೋಮೀಟರಿಗೂ ಕಡಿಮೆಯಾಗಿತ್ತು ಎಂದು. ಎರಡು ಹೇಳಿಕೆಗಳಿಂದಲೂ ಬರುವ ಫಲ ಒಂದೇ, ಯಾರೂ ಸುಳ್ಳಾಡುತ್ತಿಲ್ಲ. ಇಂಥ ಕಣವೇ ಒಂದು ಗಡಿಯಾರವಿದ್ದಂತೆ, ಓಡುವಾಗ ಅದರ ಆಯುಷ್ಯ ಹಿಗ್ಗಲೇಬೇಕೆಂದು 1938ರಲ್ಲಿಯೇ ಬರೆದವರಲ್ಲಿ ಭಾಭಾ ಅವರೂ ಒಬ್ಬರು. ಮರುವರ್ಷ ಅವರು ರಜೆಗೆಂದು ಭಾರತಕ್ಕೆ ಬಂದರು, ಯುದ್ಧದಿಂದಾಗಿ ಹಿಂದಿರುಗಲಾಗದೆ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ನಿಂತರು. ಅವರು ಬರೆದುದನ್ನು 1941ರಲ್ಲಿ ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ರೊಸ್ಸಿ ಮತ್ತು ಹಾಲ್ ಎಂಬವರು ಅಳೆದು ಸ್ಥಿರಪಡಿಸಿದರು.

ಇಲ್ಲಿಗೆ ಬಂದಾಗ ಮಾಸ್ತರರಿಗೆ ಬಸ್ಸಿನ ದೀಪದ ಗಂಟು ಬಿಚ್ಚಿತು. ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ ಲಬ್ಧ. 60ಕ್ಕೆ 5 ಕೂಡಿಸುವವನು, ಬಸ್ಸಿನೊಳಗಿನ ಗಜಕೋಲೂ ಗಡಿಯಾರವೂ ಹೊಲದಲ್ಲಿ ನಿಂತವನ ಗಜಕೋಲು, ಗಡಿಯಾರಗಳಿಗೆ ಸರಿಸಮವೆಂದು ಕೇಳದೆಯೇ ಒಪ್ಪಿಕೊಂಡಿರುತ್ತಾನೆ. ಅವು ಸಮವಲ್ಲ. ಬಸ್ಸಿನ ವೇಗದಲ್ಲಿ ವ್ಯತ್ಯಾಸ ಯಾವ ಅಳತೆಗೂ ಸಿಗದಷ್ಟು ಸಣ್ಣದು, ಆದುದರಿಂದ ಕಂಡಕ್ಟರನ ಲೆಕ್ಕ ಸರಿಹೋಗುತ್ತದೆ. ವೇಗ ಏರಿದಂತೆ ಲೆಕ್ಕ ಕೈಕೊಡುತ್ತದೆ. ಬೆಳಕಿನ ಅರ್ಧ ವೇಗದ ಬಂಡಿಯೊಳಗಿಂದ ಅದರ ಓಟದ ದಿಕ್ಕಿಗೇ ಅರ್ಧ ವೇಗದಲ್ಲಿ ಕಲ್ಲೆಸೆದರೆ, ನೆಲದವನಿಗೆ ಕಾಣುವುದು ಬೆಳಕಿನ ಪೂರ್ತಿ ವೇಗವಲ್ಲ, ಐದರಲ್ಲಿ ನಾಲ್ಕು ಪಾಲು. ಮುಕ್ಕಾಲಿಗೆ ಮುಕ್ಕಾಲು ಕೂಡಿಸಿದರೆ ನೂರಕ್ಕೆ 96. ಎಷ್ಟು ಕೂಡಿಸಿದರೂ ಒಂದು ತುಂಬುವುದಿಲ್ಲ. ಓಡುವ ದೀಪದ ಬೆಳಕನ್ನೇ ಅಳೆದು ನೋಡಿದ್ದೂ ಉಂಟು: 1964ರಲ್ಲಿ ಸೆರ್ನ್‌ನಲ್ಲಿ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿಯೇ ಧಾವಿಸುತ್ತಿದ್ದ ಪಯಾನ್ ಕಣಗಳು ಒಡೆದು ಸೂಸಿದ ಕಿರಣಗಳ ವೇಗವನ್ನು ಅಳೆದರು. ಹುಡುಗನ ಲೆಕ್ಕದಂತೆ ಅದು ಇಮ್ಮಡಿಯಾಗಬೇಕಿತ್ತು. ಒಂದು ಮಡಿಯಷ್ಟೇ ಇತ್ತು. ಹುಡುಗ ಶಾಲೆಯಲ್ಲಿ ಕೇಳಿದ ಆ ಪ್ರಶ್ನೆಯನ್ನು, ಅವನಿಗಿಂತ ಹನ್ನೆರಡು ವರ್ಷ ಮೊದಲು, ದೊಡ್ಡ ದೊಡ್ಡ ವಿದ್ವಾಂಸರು ಲಕ್ಷಾಂತರ ಖರ್ಚು ಮಾಡಿ ಕೇಳಿ ನೋಡಿದ್ದರು. ಅವರ ಕೆನ್ನೆಗೆ ಯಾರೂ ಹೊಡೆದಿರಲಿಲ್ಲ.

ಮಿತಿಯ ಒಳಗುಟ್ಟು ಇನ್ನೊಂದಿದೆ. ಸವಣೂರಿನಲ್ಲೊಂದು, ಹಿರೇಕೆರೂರಿನಲ್ಲೊಂದು ದೀಪ ಒಂದೇ ಕ್ಷಣಕ್ಕೆ ಹತ್ತಿದವೆಂದು ನೆಲದವನು ಹೇಳಿದರೆ, ಆ ದಾರಿಯಲ್ಲಿ ಅತಿವೇಗವಾಗಿ ಹಾದುಹೋಗುವವನು ಹಿರೇಕೆರೂರಿನದೇ ಮೊದಲೆಂದಾನು. ಎದುರು ದಿಕ್ಕಿಗೆ ಹೋಗುವವನು ಸವಣೂರಿನದೆಂದಾನು. ಇದರಿಂದ ಯಾರಿಗೂ ಬಾಧಕವಿಲ್ಲ, ಏಕೆಂದರೆ ಒಂದು ದೀಪ ಹತ್ತಿದ ಸುದ್ದಿ ಇನ್ನೊಂದಕ್ಕೆ ಮುಟ್ಟುವಷ್ಟು ವ್ಯವಧಾನವೇ ನಡುವೆ ಇಲ್ಲ. ಒಂದು ಇನ್ನೊಂದಕ್ಕೆ ಕಾರಣವಾಗಿರಲಾರದು. ಆದರೆ ಸುದ್ದಿಯು ಬೆಳಕನ್ನು ಮೀರಿ ಓಡುವುದಾದರೆ, ಕಾರಣವೊಂದು ಇಲ್ಲಿ, ಕಾರ್ಯವೊಂದು ಅಲ್ಲಿ ಇದ್ದಾಗ, ಯಾವನೋ ಒಬ್ಬ ಪ್ರಯಾಣಿಕನ ಕಣ್ಣಿಗೆ ಕಾರ್ಯವೇ ಮೊದಲು ನಡೆದಂತಾಗುತ್ತದೆ. ಕಾಗದ ಬರೆಯುವ ಮೊದಲೇ ಅದರ ಉತ್ತರ ಬಂದಂತೆ. ಏಟು ಮೊದಲು, ಪ್ರಶ್ನೆ ಅನಂತರ. ನೋಟುಬುಕ್ಕಿನಲ್ಲಿ ಇದನ್ನು ಬರೆದುಕೊಂಡ ದಿನ ಮಾಸ್ತರರು ಬಹಳ ಹೊತ್ತು ಪುಟ ತಿರುಗಿಸಲಿಲ್ಲ. 1976ರ ಆ ತರಗತಿಯಲ್ಲಿ ಪ್ರಶ್ನೆ ಮೊದಲು, ಏಟು ಅನಂತರ. ಜಗತ್ತಿನ ಯಾವ ಬಂಡಿಯಲ್ಲಿ ಕುಳಿತು ನೋಡಿದರೂ ಆ ಕ್ರಮ ಬದಲಾಗುವಂತಿರಲಿಲ್ಲ.

ಇತ್ತ ಸೆರ್ನ್‌ನ ಸುದ್ದಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ. 2012ರ ಫೆಬ್ರವರಿಯಲ್ಲಿ ಒಂದು ತಂತಿಯ ಜೋಡಣೆ ಸಡಿಲವಾಗಿದ್ದುದು ಪತ್ತೆಯಾಯಿತು. ಜೂನಿನಲ್ಲಿ, ನ್ಯೂಟ್ರಿನೋ ಬೆಳಕನ್ನು ಮೀರಿಲ್ಲವೆಂದು ಪ್ರಯೋಗ ನಡೆಸಿದವರೇ ಸಾರಿದರು. ಪುಸ್ತಕದ ಮಾತು ಉಳಿಯಿತು. ಮಾಸ್ತರರಿಗೆ ಇದರಿಂದ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಹಾನಗಲ್ಲಿನ ಸಂತೆಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬನಿಂದ ಆ ಹುಡುಗನ ವಿಳಾಸ ತಿಳಿದುಕೊಂಡು, ಮುಂದಿನ ತಿಂಗಳು ಬಸ್ಸು ಹತ್ತಿದರು.

ಹುಡುಗನೆಂದರೆ ಈಗ ಐವತ್ತರ ಗೃಹಸ್ಥ. ಹಿರೇಕೆರೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ತಲೆ ನರೆತಿತ್ತು. ಮಾಸ್ತರರನ್ನು ಕಂಡವನೇ ಗಲ್ಲೆಯಿಂದ ಇಳಿದುಬಂದು ಕಾಲು ಮುಟ್ಟಿ ನಮಸ್ಕರಿಸಿ, ಸ್ಟೂಲು ಎಳೆದು, ಚಹಕ್ಕೆ ಹೇಳಿದ.

"ನನ್ನ ನೆನಪೈತೇನಪಾ?"

"ನಿಮ್ಮ ಏಟು ಮರಿಯಾಕಾಗತೈತೇನ್ರಿ ಸರ!" ಎಂದು ಆತ ಮನಸಾರೆ ನಕ್ಕ.

"ಯಾಕ ಹೊಡದಿದ್ದೆ, ಅದು ನೆನಪೈತೇನು?"

ಆತ ಕೆನ್ನೆ ಕೆರೆದುಕೊಂಡು ಯೋಚಿಸಿದ. "ಅದೊಂದು ನೆನಪಿಲ್ಲ ನೋಡ್ರಿ. ಏನೋ ತಪ್ಪು ಮಾಡಿರಬೇಕು."

ಮಾಸ್ತರರ ಕೈಯಲ್ಲಿನ ಚಹದ ಕಪ್ಪು ತುಸು ಅಲುಗಿತು. ಆ ಪ್ರಶ್ನೆಯನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ಹೊಡೆದವರೇ ಹೊರತು ಕೇಳಿದವನಲ್ಲ. "ತಪ್ಪು ಮಾಡಿರಲಿಲ್ಲಪಾ ನೀನು" ಎಂದು ಆರಂಭಿಸಿ, ಪ್ರಶ್ನೆಯನ್ನು ಅವನದೇ ಮಾತುಗಳಲ್ಲಿ ಅವನಿಗೆ ಹಿಂದಿರುಗಿಸಿದರು. ಅನಂತರ ಒಂದು ಬಿಲ್ಲಿನ ಹಾಳೆ ಕೇಳಿ ಪಡೆದು ಬಸ್ಸು, ದೀಪ, ಗಡಿಯಾರ, ಕೋಲಾರದ ಗಣಿ ಎಲ್ಲವನ್ನೂ ಬರೆದು ತೋರಿಸಿದರು. ನಡುವೆ ಒಬ್ಬರು ಯೂರಿಯಾ ಕೇಳಿಕೊಂಡು ಬಂದರು. ಇನ್ನೊಬ್ಬರು ಗೋವಿನಜೋಳದ ಬೀಜದ ಸಾಲ ತೀರಿಸಲು ಬಂದವರು ತಾವೂ ನಿಂತು ಕೇಳಿ, ತಲೆಯಾಡಿಸಿ ಹೋದರು. ಅಂಗಡಿಯಾತ ಮಾತನಾಡದೆ ಹಾಳೆಯನ್ನೇ ನೋಡುತ್ತಿದ್ದ. ಹೊರಗೆ ಮಳೆ ಹಿಡಿದಿತ್ತು.

ಬಹಳ ಹೊತ್ತಿನ ಮೇಲೆ ಆತ ಬೆರಳಿನಿಂದ ಗಡಿಯಾರದ ಚಿತ್ರವನ್ನು ಮುಟ್ಟಿದ. "ಅಲ್ರಿ ಸರ, ಜೋರ ಓಡಿದಷ್ಟು ಗಡಿಯಾರ ಸಾವಕಾಶ ಆಗತೈತಿ ಅಂದ್ರಿ. ಹಂಗಾದ್ರ ಆ ಬೆಳಕಿನ ಕೈಗೇ ಒಂದು ಗಡಿಯಾರ ಕಟ್ಟಿದ್ರ ಅದು ಎಷ್ಟು ತೋರಸತೈತ್ರಿ?"

ಕೇಳಿದವನು, ಹಳೆಯ ಅಭ್ಯಾಸದಿಂದಲೋ ಏನೋ, ಅರ್ಧ ಹೆಜ್ಜೆ ಹಿಂದಕ್ಕೆ ಸರಿದ.

"ಬೆಳಕಿಗೆ ಗಡಿಯಾರ ಕಟ್ಟಾಕ ಬರೂದಿಲ್ಲ, ತೂಕ ಇದ್ದದ್ದು ಯಾವುದೂ ಆ ವೇಗಕ್ಕ ಮುಟ್ಟೂದಿಲ್ಲ ಅಂತ ಪುಸ್ತಕದಾಗ ಐತಿ" ಎಂದರು ಮಾಸ್ತರರು. ಸ್ವಲ್ಪ ತಡೆದು, "ಅದು ಯಾಕ ಹಂಗ ಅಂತ ನನಗ ಪೂರಾ ತಿಳದಿಲ್ಲಪಾ" ಎಂದರು.

ನಿಲ್ದಾಣದ ಕಡೆಯಿಂದ ಹಾನಗಲ್ಲಿನ ಬಸ್ಸಿನ ಹಾರ್ನು ಎರಡು ಸಲ ಕೇಳಿಸಿತು. "ಇದು ಹೋದ್ರ ಮುಂದಿನ ಬಸ್ಸು ಸಂಜಿಗೇ ರೀ ಸರ" ಎಂದ ಅಂಗಡಿಯಾತ.

ಮಾಸ್ತರರು ಕನ್ನಡಕ ಒರೆಸಿಕೊಂಡು ಇನ್ನೊಂದು ಬಿಲ್ಲಿನ ಹಾಳೆಗಾಗಿ ಕೈ ಚಾಚಿದರು.